ಸ್ತ್ರೀಯರ ದೇಹದಾರ್ಢ್ಯಸ್ಪರ್ಧೆಗಳಲ್ಲಿ ತೀರ್ಪಿನ ಪ್ರಮಾಣ

ಓಟದಲ್ಲಿ ಜಯಾಪಜಯಗಳನ್ನು ಗಡಿಯಾರವು ನಿರ್ಣಯಿಸುತ್ತದೆ. ದೇಹದಾರ್ಢ್ಯಸ್ಪರ್ಧೆಯಲ್ಲಿ ತೀರ್ಪುಗಾರರ ಕಣ್ಣೇ ಪ್ರಮಾಣ. ಸ್ನಾಯುಗಳ ಪುಷ್ಟಿ, ಅಂಗಗಳ ಸಾಮ್ಯ, ನಿಲುವಿನ ಸೊಗಸು ಇವನ್ನು ತುಲನೆಮಾಡಿ ಅವರು ಸ್ಥಾನಗಳನ್ನು ಕೊಡುತ್ತಾರೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1980ರಲ್ಲಿ ಮಿಸ್ ಒಲಿಂಪಿಯಾ ಸ್ಪರ್ಧೆಯು ಮೊದಲಾದಾಗ ರೇಚಲ್ ಮೆಕ್ಲಿಶ್ ಎಂಬಾಕೆ ಗೆದ್ದಳು. ಸ್ತ್ರೀಯರ ವಿಷಯದಲ್ಲಾದರೋ ‘ಹೆಣ್ತನ’ವೆಂಬ ಮತ್ತೊಂದು ಅಳತೆಯೂ ತೀರ್ಪಿನೊಳಗೆ ಬೆರೆತುಕೊಂಡಿತು. 1983ರಲ್ಲಿ ಲಾಸ್ ವೇಗಾಸಿನಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಸ್ನಾಯುಪುಷ್ಟಿಯಿಂದ ಎಲ್ಲರನ್ನೂ ಮೀರಿದ್ದ ಆಸ್ಟ್ರೇಲಿಯದ ಬೆವ್ ಫ್ರಾನ್ಸಿಸಳಿಗೆ 8ನೆಯ ಸ್ಥಾನವಷ್ಟೇ ದೊರೆಯಿತು. 2005ನೆಯ ವರ್ಷದ ಸ್ಪರ್ಧೆಗಳಿಗಾಗಿ ಅಂತರರಾಷ್ಟ್ರೀಯ ಒಕ್ಕೂಟವು ಸ್ನಾಯುಪುಷ್ಟಿಯನ್ನು ಶೇಕಡಾ 20ರಷ್ಟು ತಗ್ಗಿಸಿಕೊಳ್ಳಬೇಕೆಂದು ಸ್ತ್ರೀಯರಿಗೆ ಸೂಚಿಸಿತು. ಯಾವುದರಲ್ಲಿ ಶೇಕಡಾ 20? ಅದನ್ನು ಅಳೆಯುವ ಕೋಲು ಯಾರಲ್ಲಿತ್ತು? ಇಂಥ ಅಸ್ಪಷ್ಟವಿಧಿಯು ಶಾಸ್ತ್ರವೆನಿಸದೆಂದು ನಮ್ಮ ಅಭಿಪ್ರಾಯ. ಮಿಸ್ ಒಲಿಂಪಿಯಾ 2014ರ ತರುವಾಯ ನಿಂತುಹೋಗಿ, 2020ರಲ್ಲಿ ಪುನಃ ಆರಂಭವಾಯಿತು.