ಎದೆಯ ಮೇಲಿನ ಲಾಂಛನ: ಮನೆಯಲ್ಲೇ ಒತ್ತಿದ ಟೀ ಶರ್ಟಿನ ಚರಿತ್ರೆ

ಸೂಪರ್‌ಹೀರೋ ಚಿತ್ರ ಬಿಡುಗಡೆಯಾದಾಗ ಮನೆಮಂದಿ, ಗೆಳೆಯರು ಸೇರಿ ಹೊಂದಿಕೆಯ ಟೀ ಶರ್ಟು ತೊಟ್ಟು ಥಿಯೇಟರಿಗೆ ಹೋಗುವುದು, ಆ ಟೀ ಶರ್ಟುಗಳ ಲಾಂಛನವನ್ನು ಮನೆಯಲ್ಲೇ ವಿನೈಲ್ ಹಾಳೆಯಿಂದ ಕತ್ತರಿಸಿ ಶಾಖದಿಂದ ಅಂಟಿಸುವುದು ಅಮೆರಿಕದಲ್ಲಿ ಬೆಳೆದ ರೂಢಿ. ಅದು ಹೊಸದೇ ಹೌದು, ಆದರೆ ಅದರಲ್ಲಿ ಬಂದು ಕೂಡಿರುವ ಕಸುಬುಗಳು ಹಳೆಯವು. ಅಗ್ಗದ ಕಾಮಿಕ್ಸ್ ಮುದ್ರಣ, ಆಟಗಾರರ ಅಂಗಿಗೆ ಅಕ್ಷರ ಕೂರಿಸುವ ಕೆಲಸ, ಅಂಗಡಿಯ ಬೋರ್ಡು ಬರೆಯುವ ಕೆಲಸ, ಈ ಮೂರೂ ಅದರ ಹಿಂದೆ ಇವೆ.

ಜೆರಿ ಸೀಗೆಲ್ ಮತ್ತು ಜೋ ಶುಸ್ಟರ್ ಸೃಷ್ಟಿಸಿದ ಸೂಪರ್‌ಮ್ಯಾನ್ 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡ. ಸಂಚಿಕೆಯ ಬೆಲೆ 10 ಸೆಂಟು. ಅಷ್ಟು ಅಗ್ಗಕ್ಕೆ ಕೊಡಬೇಕೆಂದರೆ ಒರಟು ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ನಾಲ್ಕೇ ಶಾಯಿಗಳಲ್ಲಿ ಮುದ್ರಿಸಬೇಕಿತ್ತು. ನವಿರಾದ ನೆರಳು ಬೆಳಕು ಆ ಕಾಗದದಲ್ಲಿ ಉಳಿಯುತ್ತಿರಲಿಲ್ಲ. ದಪ್ಪ ಕಪ್ಪು ಗೆರೆ, ಅದರೊಳಗೆ ಒಂದೇ ಸಮನಾದ ಬಣ್ಣ, ಪುಟದ ಮೂಲೆಯಲ್ಲಿ ಬೆರಳಿನಷ್ಟೇ ಚಿತ್ರವಿದ್ದರೂ ನಾಯಕ ಯಾರೆಂದು ತಿಳಿಸುವ ಗುರುತು: ಕಲಾವಿದರಿಗೆ ಇವು ಅನಿವಾರ್ಯವಾದವು. ಸೂಪರ್‌ಮ್ಯಾನ್‌ನ ಎದೆಯ ಗುರುತು ಮೊದಲಿಗೆ ಪೊಲೀಸರ ಬಿಲ್ಲೆಯಂಥ ಸಣ್ಣ ಗುರಾಣಿಯಾಗಿತ್ತು. ಮುಂದಿನ ವರ್ಷಗಳಲ್ಲಿ ಅದು ಹಿಗ್ಗಿ ಎದೆ ತುಂಬಿತು. 1941ರಲ್ಲಿ ಬಂದ ಕ್ಯಾಪ್ಟನ್ ಅಮೆರಿಕನ ಗುರಾಣಿ ಎರಡನೆಯ ಸಂಚಿಕೆಯ ಹೊತ್ತಿಗೇ ದುಂಡಗಾಯಿತು. ಬ್ಯಾಟ್‌ಮ್ಯಾನ್‌ನ ಬಾವಲಿಯ ಸುತ್ತ ಹಳದಿ ಅಂಡಾಕಾರ ಬಂದದ್ದು 1964ರಲ್ಲಿ. ಮುದ್ರಣದ ಬಡತನವೇ ಈ ಲಾಂಛನಗಳಿಗೆ ಇಂಥ ಸ್ಪಷ್ಟ ರೂಪ ಕೊಟ್ಟಿತು. ಅವು ಮುಂದೆ ವಿನೈಲ್‌ಗೆ ಇಷ್ಟು ಚೆನ್ನಾಗಿ ಒಗ್ಗಿದ್ದೂ ಇದರಿಂದಲೇ, ಏಕೆಂದರೆ ವಿನೈಲ್ ಹಾಳೆಯಲ್ಲೂ ಬಣ್ಣ ಏಕರೂಪ, ಅಂಚು ಚೂಪು.

ಟೀ ಶರ್ಟು ಮೊದಲು ಒಳ ಉಡುಪು, ನಮ್ಮಲ್ಲಿಯ ಬನಿಯನ್ ಇದ್ದಂತೆ. ಅಮೆರಿಕದ ನೌಕಾಪಡೆ 1913ರ ಸುಮಾರಿಗೆ ತನ್ನ ನಾವಿಕರಿಗೆ ಗಿಡ್ಡ ತೋಳಿನ, ದುಂಡು ಕತ್ತಿನ ಬಿಳಿ ಹತ್ತಿಯ ಒಳಅಂಗಿ ಕೊಡತೊಡಗಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ತರಬೇತಿ ಶಿಬಿರಗಳ ಹೆಸರು ಅದರ ಮೇಲೆ ಮೂಡಿತು. 1942ರ ಜುಲೈ ತಿಂಗಳ ‘ಲೈಫ್’ ಪತ್ರಿಕೆಯ ಮುಖಪುಟದಲ್ಲೇ ವಾಯುಪಡೆಯ ಗನ್ನರಿ ಶಾಲೆಯ ಟೀ ಶರ್ಟು ತೊಟ್ಟ ಯೋಧನಿದ್ದಾನೆ. 1948ರ ಅಧ್ಯಕ್ಷೀಯ ಚುನಾವಣೆಯಲ್ಲಿ ಥಾಮಸ್ ಡ್ಯೂಯಿ ಪರ ಪ್ರಚಾರಕ್ಕೆ ಮುದ್ರಿಸಿದ ಟೀ ಶರ್ಟೊಂದನ್ನು ಸ್ಮಿತ್ಸೋನಿಯನ್ ಸಂಸ್ಥೆ ಕಾಪಾಡಿಕೊಂಡಿದೆ. ಒಳಗಿನ ಬಟ್ಟೆ ಎಲ್ಲರ ಕಣ್ಣಿಗೆ ಹೊರಗಿನದಾಗಲು ಸಿನಿಮಾ ನೆರವಾಯಿತು: 1951ರಲ್ಲಿ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಚಿತ್ರದ ಮಾರ್ಲನ್ ಬ್ರಾಂಡೊ, 1955ರಲ್ಲಿ ‘ರೆಬೆಲ್ ವಿದೌಟ್ ಎ ಕಾಸ್’ ಚಿತ್ರದ ಜೇಮ್ಸ್ ಡೀನ್.

ಬಟ್ಟೆಯ ಮೇಲೆ ಚಿತ್ರ ಮೂಡಿಸಲು ಇದ್ದ ಮುಖ್ಯ ದಾರಿ ಸ್ಕ್ರೀನ್ ಪ್ರಿಂಟಿಂಗ್. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ತಯಾರಿಸಬೇಕಾದ್ದರಿಂದ ನೂರಾರು ಅಂಗಿಗಳಿಗೆ ಅದು ಅಗ್ಗ, ನಾಲ್ಕೈದಕ್ಕೆ ದುಬಾರಿ. ಪ್ರತಿ ಅಂಗಿಗೂ ಬೇರೆ ಹೆಸರು, ಬೇರೆ ಸಂಖ್ಯೆ ಬೇಕಾದಲ್ಲಿ ಅದು ಸಾಗುತ್ತಿರಲಿಲ್ಲ. ಆಟದ ತಂಡಗಳಿಗೆ ಬೇಕಿದ್ದದ್ದೇ ಅದು. 1932ರಲ್ಲಿ ಮಿಷಿಗನ್ ರಾಜ್ಯದಲ್ಲಿ ಸ್ಟಾಲ್ ದಂಪತಿ ತಮ್ಮ ಮನೆಯ ಗ್ಯಾರೇಜಿನಲ್ಲಿ ಕ್ರೀಡಾ ಅಂಗಿಗಳ ಅಕ್ಷರಗಳನ್ನು ತಯಾರಿಸುವ ಉದ್ಯೋಗ ಆರಂಭಿಸಿದರು. ಆ ಕಾಲದ ಅಕ್ಷರಗಳು ಉಣ್ಣೆಯ ಫೆಲ್ಟ್ ಬಟ್ಟೆಯಲ್ಲಿ ಕತ್ತರಿಸಿ ಹೊಲಿದವು. ಹೊಲಿಗೆಯ ಜಾಗವನ್ನು ಕ್ರಮೇಣ ಬಿಸಿಗೆ ಕರಗಿ ಹಿಡಿಯುವ ಅಂಟು ಪಡೆಯಿತು. ಮನೆಯಲ್ಲಿ ಟೀ ಶರ್ಟು ಒತ್ತುವವರ ನಿಜವಾದ ಪೂರ್ವಿಕರು ಈ ಅಕ್ಷರಗಾರರು.

1970ರ ದಶಕ ಇಸ್ತ್ರಿ ಚಿತ್ರಗಳ ಕಾಲ. ಕಾಗದದ ಮೇಲೆ ಮೊದಲೇ ಮುದ್ರಿಸಿದ ಚಿತ್ರವನ್ನು ಅಂಗಿಯ ಮೇಲಿಟ್ಟು ಕಾಯಿಸಿ ಒತ್ತಿದರೆ ಶಾಯಿ ಬಟ್ಟೆಗೆ ದಾಟುತ್ತಿತ್ತು. ಅಮೆರಿಕದ ಮಾಲ್‌ಗಳಲ್ಲಿ ಇದಕ್ಕೆಂದೇ ಅಂಗಡಿಗಳು ಹುಟ್ಟಿದವು. ಗೋಡೆಯ ಮೇಲೆ ಹಚ್ಚಿದ ಚಿತ್ರಗಳಲ್ಲಿ ಬೇಕಾದ್ದನ್ನು ಆರಿಸಿದರೆ ಅಲ್ಲೇ ಒತ್ತಿಕೊಡುತ್ತಿದ್ದರು. ಮನೆಯ ಇಸ್ತ್ರಿ ಪೆಟ್ಟಿಗೆಗೂ ಇಂಥ ಹಾಳೆಗಳು ಸಿಗುತ್ತಿದ್ದವು. ಆದರೆ ಒಗೆದಂತೆಲ್ಲ ಚಿತ್ರ ಬಿರಿಯುತ್ತಿತ್ತು, ದೊಡ್ಡ ಚಿತ್ರವಾದರೆ ಎದೆಯ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಂತೆ ಬೆವರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಯಾರೋ ಮುದ್ರಿಸಿಟ್ಟದ್ದನ್ನಷ್ಟೇ ಆರಿಸಬಹುದಿತ್ತು. ಇದೇ ದಶಕದ ಕೊನೆಗೆ, 1978ರ ಡಿಸೆಂಬರ್‌ನಲ್ಲಿ, ಕ್ರಿಸ್ಟೋಫರ್ ರೀವ್ ನಟಿಸಿದ ‘ಸೂಪರ್‌ಮ್ಯಾನ್’ ತೆರೆಕಂಡಿತು. 1989ರ ಜೂನ್‌ನಲ್ಲಿ ಟಿಮ್ ಬರ್ಟನ್‌ರ ‘ಬ್ಯಾಟ್‌ಮ್ಯಾನ್’ ಬಂತು. ಅದರ ಪೋಸ್ಟರಿನಲ್ಲಿ ಎದ್ದು ಕಾಣುತ್ತಿದ್ದದ್ದು ಕಪ್ಪು ಹಳದಿಯ ಲಾಂಛನ, ನಟರ ಮುಖವಲ್ಲ. ಆ ಬೇಸಿಗೆಯಲ್ಲಿ ಬಾವಲಿಯ ಟೀ ಶರ್ಟು ಅಮೆರಿಕದ ಬೀದಿಗಳನ್ನು ತುಂಬಿತು, ಅಸಲಿಯ ಜೊತೆಗೆ ನಕಲಿಯೂ ಧಾರಾಳವಾಗಿ ಮಾರಾಟವಾಯಿತು. ಚಿತ್ರ ನೋಡಲು ಹೋಗುವವರು ಅದರ ಗುರುತನ್ನು ತೊಟ್ಟು ಹೋಗುವುದು ಅಲ್ಲಿಂದಾಚೆ ಸಹಜವೆನಿಸಿತು.

ಇನ್ನು ವಿನೈಲ್‌ನ ಕಥೆ. ಗಟ್ಟಿಯಾಗಿ ಪೆಡಸಾಗಿದ್ದ ಪಿವಿಸಿಯನ್ನು, ಅಂದರೆ ವಿನೈಲ್ ಪ್ಲಾಸ್ಟಿಕ್ಕನ್ನು, ಬಾಗುವಂತೆ ಮೆದುಗೊಳಿಸುವ ಬಗೆಯನ್ನು 1926ರಲ್ಲಿ ಬಿ. ಎಫ್. ಗುಡ್ರಿಚ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲ್ಡೊ ಸೆಮನ್ ಕಂಡುಹಿಡಿದರು. ಅಂಟು ಬಳಿದ ವಿನೈಲ್ ಹಾಳೆ ಬಂದಮೇಲೂ ಅದನ್ನು ಬ್ಲೇಡಿನಿಂದ ಕೈಯಲ್ಲೇ ಕತ್ತರಿಸಬೇಕಿತ್ತು. ಈ ಸ್ಥಿತಿಯನ್ನು ಬದಲಿಸಿದ್ದು ಕನೆಕ್ಟಿಕಟ್‌ನ ಗರ್ಬರ್ ಕಂಪನಿ. ಅದರ ಸ್ಥಾಪಕ ಜೋಸೆಫ್ ಗರ್ಬರ್ ಆಸ್ಟ್ರಿಯಾದಲ್ಲಿ ಹುಟ್ಟಿ, ನಾಜಿಗಳ ಹಿಂಸೆಯಿಂದ ಪಾರಾಗಿ ಅಮೆರಿಕ ಸೇರಿದ ಎಂಜಿನಿಯರ್. ನಕ್ಷೆ ಬರೆಯುವ ಪ್ಲಾಟರ್ ಯಂತ್ರಗಳಲ್ಲೂ ಬಟ್ಟೆ ಕಾರ್ಖಾನೆಗಳ ಕತ್ತರಿಸುವ ಯಂತ್ರಗಳಲ್ಲೂ ಅವರ ಕಂಪನಿಗೆ ಆಗಲೇ ಹೆಸರಿತ್ತು. 1980ರ ದಶಕದ ಆರಂಭದಲ್ಲಿ ಅದು ತಂದ ‘ಸೈನ್‌ಮೇಕರ್’ ಯಂತ್ರ ಕಂಪ್ಯೂಟರಿನ ಆಣತಿಯಂತೆ ಚಲಿಸಿ ವಿನೈಲ್ ಅಕ್ಷರಗಳನ್ನು ಕತ್ತರಿಸಿತು. ಪ್ಲಾಟರಿನ ಪೆನ್ನು ಇರಬೇಕಾದ ಕಡೆ ಸೂಕ್ಷ್ಮವಾದ ಬ್ಲೇಡು ಬಂದು ಕೂತಿತು, ಅಷ್ಟೇ. ಆದರೆ ಅದರ ಪರಿಣಾಮ ಬೋರ್ಡು ಬರೆಯುವ ಕಲಾವಿದರ ಬದುಕನ್ನು ಹಲವು ದೇಶಗಳಲ್ಲಿ ಕಲಕಿತು. ಕುಂಚ ಹಿಡಿದು ವರ್ಷಗಟ್ಟಲೆ ಪಳಗಿದ ಕೈಗಳ ನಷ್ಟವನ್ನು ಹೇಳದೆ ಈ ಯಂತ್ರದ ಚರಿತ್ರೆ ಬರೆಯಲಾಗದು. ಮುಂದೆ ಅಂಥದೇ ಯಂತ್ರಗಳು ಬಟ್ಟೆಗೆ ಅಂಟುವ ವಿನೈಲನ್ನೂ ಕತ್ತರಿಸಿದವು.

ಮನೆಯೊಳಗೆ ಬರುವಷ್ಟು ಸಣ್ಣ ಯಂತ್ರ 2006ರ ಸುಮಾರಿಗೆ ಬಂತು. ಯೂಟಾ ರಾಜ್ಯದ ಪ್ರೊವೊ ಕ್ರಾಫ್ಟ್ ಕಂಪನಿಯ ‘ಕ್ರಿಕಟ್’ ಮೊದಲಿಗೆ ಫೋಟೊ ಆಲ್ಬಮ್ ಅಲಂಕರಿಸುವವರ ಕಾಗದ ಕತ್ತರಿಸಲು ಹುಟ್ಟಿದ್ದು. ಆರಂಭದಲ್ಲಿ ಕಾರ್ಟ್ರಿಜ್‌ಗಳಲ್ಲಿ ಕೊಂಡ ಆಕಾರಗಳನ್ನು ಮಾತ್ರ ಅದು ಕತ್ತರಿಸುತ್ತಿತ್ತು. ‘ಸಿಲುಎಟ್’ ಮೊದಲಾದ ಯಂತ್ರಗಳು, 2014ರ ನಂತರ ಕ್ರಿಕಟ್‌ನ ಹೊಸ ಮಾದರಿಗಳು, ಬಳಸುವವರೇ ಬರೆದ ಆಕಾರವನ್ನು ಕತ್ತರಿಸಲು ಬಿಟ್ಟವು. ಇಸ್ತ್ರಿ ಚಿತ್ರದ ಕಾಲದ ಮಿತಿ ಮುರಿದದ್ದು ಇಲ್ಲಿ.

ಕೆಲಸದ ಕ್ರಮ ಹೀಗೆ. ಬಟ್ಟೆಗೆ ಅಂಟುವ ವಿನೈಲ್ ಹಾಳೆಗೆ ಎರಡು ಮುಖ. ಒಂದು ಕಡೆ ಪಾರದರ್ಶಕ ಪಾಲಿಯೆಸ್ಟರ್ ಹೊದಿಕೆ, ಇನ್ನೊಂದು ಕಡೆ ಶಾಖಕ್ಕೆ ಕರಗುವ ಅಂಟು. ಹೊದಿಕೆ ಕೆಳಗಿರುವಂತೆ ಹಾಳೆಯನ್ನು ಯಂತ್ರಕ್ಕೆ ಕೊಡುತ್ತಾರೆ. ಬ್ಲೇಡು ಅಂಟಿನ ಕಡೆಯಿಂದ ಇಳಿದು ವಿನೈಲನ್ನಷ್ಟೇ ಕೊಯ್ದು ಹೊದಿಕೆಯನ್ನು ಹಾಗೇ ಬಿಡಬೇಕು. ಹಿಂಬದಿಯಿಂದ ಕೊಯ್ಯುವುದರಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿರಬೇಕು. ಬಾವಲಿಗೆ ಇದರ ಚಿಂತೆಯಿಲ್ಲ, ಸೂಪರ್‌ಮ್ಯಾನ್‌ನ ‘ಎಸ್’ ಅಕ್ಷರಕ್ಕೆ ಇದೆ. ಆಮೇಲೆ ಬೇಡದ ಭಾಗವನ್ನು ಸಣ್ಣ ಕೊಕ್ಕೆಯಿಂದ ಕಿತ್ತು ತೆಗೆಯುತ್ತಾರೆ. ತಾಳ್ಮೆ ಬೇಡುವ ಹಂತ ಇದೇ, ಅದರಲ್ಲೂ ಸ್ಪೈಡರ್‌ಮ್ಯಾನ್‌ನ ಬಲೆಯ ಎಳೆಗಳಲ್ಲಿ. ಅಂಗಿಯನ್ನು ಮೊದಲು ತುಸು ಕಾಯಿಸಿ ತೇವ ಹೋಗಲಾಡಿಸಿ, ಲಾಂಛನವನ್ನು ನೇರವಾಗಿಟ್ಟು, ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10ರಿಂದ 15 ಸೆಕೆಂಡು ಬಲವಾಗಿ ಒತ್ತುತ್ತಾರೆ. ಮನೆಯ ಇಸ್ತ್ರಿ ಪೆಟ್ಟಿಗೆಯಾದರೆ ಹಬೆ ನಿಲ್ಲಿಸಿರಬೇಕು, ಪೆಟ್ಟಿಗೆಯನ್ನು ಎಳೆದಾಡದೆ ಎತ್ತಿ ಎತ್ತಿ ಇಡಬೇಕು. ಎರಡು ಬಣ್ಣವಿದ್ದರೆ ಕೆಳಗಿನದನ್ನು ಎರಡು ಮೂರು ಸೆಕೆಂಡು ಮಾತ್ರ ಒತ್ತಿ ಮೇಲಿನದನ್ನು ಇಟ್ಟು ಪೂರ್ತಿ ಒತ್ತುವುದು ವಾಡಿಕೆ. ಒಂದು ದಿನ ಬಿಟ್ಟು, ಒಳಮೈ ಹೊರಗೆ ಮಾಡಿ ಒಗೆದರೆ ಬಾಳಿಕೆ ಹೆಚ್ಚು. ಈಗ ಬಟ್ಟೆಗೆ ಬಳಸುವ ಅನೇಕ ಹಾಳೆಗಳು ಪಿವಿಸಿಯವಲ್ಲ, ಪಾಲಿಯುರೆಥೇನ್‌ನವು. ಅವು ತೆಳುವಾಗಿರುತ್ತವೆ, ಚೆನ್ನಾಗಿ ಹಿಗ್ಗುತ್ತವೆ.

ಯಂತ್ರ ಮನೆಗೆ ಬಂದ ಕಾಲವೇ ಸೂಪರ್‌ಹೀರೋ ಚಿತ್ರಗಳ ಸುಗ್ಗಿಯ ಕಾಲವೂ ಆಯಿತು. 2008ರ ‘ಐರನ್ ಮ್ಯಾನ್’ನಿಂದ 2019ರ ‘ಅವೆಂಜರ್ಸ್: ಎಂಡ್‌ಗೇಮ್’ವರೆಗೆ ಮಾರ್ವೆಲ್ ಒಂದಕ್ಕೊಂದು ಹೆಣೆದುಕೊಂಡ 22 ಚಿತ್ರಗಳನ್ನು ತಂದಿತು. ಹಲವು ನಾಯಕರು ಒಟ್ಟಿಗೆ ಬರುವ ಕಥೆಯಾದ್ದರಿಂದ ಮನೆಯಲ್ಲಿ ಒಬ್ಬೊಬ್ಬರಿಗೂ ಒಬ್ಬೊಬ್ಬ ನಾಯಕ ಸಿಕ್ಕ: ಅಪ್ಪನಿಗೆ ಗುರಾಣಿ, ಮಗಳಿಗೆ ಕಬ್ಬಿಣದ ಮುಖವಾಡ, ಬೆನ್ನ ಮೇಲೆ ಅವರವರ ಹೆಸರು. ನಾಯಕರ ವೇಷವನ್ನೇ ತೊಟ್ಟು ಹೋಗುವುದಕ್ಕೆ ಮಾತ್ರ ನಡುವೆ ಅಡ್ಡಿ ಬಂತು. 2012ರ ಜುಲೈನಲ್ಲಿ ಕೊಲೊರಾಡೊದ ಅರೋರಾದಲ್ಲಿ ಬ್ಯಾಟ್‌ಮ್ಯಾನ್ ಚಿತ್ರ ‘ದ ಡಾರ್ಕ್ ನೈಟ್ ರೈಸಸ್’ನ ಮಧ್ಯರಾತ್ರಿ ಪ್ರದರ್ಶನಕ್ಕೆ ನುಗ್ಗಿದ ಬಂದೂಕುಧಾರಿ 12 ಮಂದಿಯನ್ನು ಕೊಂದ. ಆ ಬಳಿಕ ಅಮೆರಿಕದ ಎಎಂಸಿ ಸರಣಿಯ ಥಿಯೇಟರುಗಳು ಮುಖ ಮುಚ್ಚುವ ಮುಖವಾಡವನ್ನೂ ಆಟಿಕೆ ಆಯುಧವನ್ನೂ ನಿಷೇಧಿಸಿದವು. ಪೂರ್ತಿ ವೇಷಕ್ಕೆ ಬಂದ ಈ ಅಡ್ಡಿ ಟೀ ಶರ್ಟಿಗೆ ಇರಲಿಲ್ಲ.

ಲಾಂಛನಗಳು ಡಿಸಿ, ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿಗಳ ಸ್ವತ್ತು. 2009ರಲ್ಲಿ ಮಾರ್ವೆಲನ್ನು ಕೊಳ್ಳುವುದಾಗಿ ಡಿಸ್ನಿ ಪ್ರಕಟಿಸಿದಾಗ ಹೇಳಿದ ಬೆಲೆ ಸುಮಾರು 400 ಕೋಟಿ ಡಾಲರ್. ಆ ಬೆಲೆಯಲ್ಲಿ ಪಾತ್ರಗಳ ಗುರುತುಗಳ ಪಾಲು ಸಣ್ಣದಲ್ಲ. ಮನೆಯವರಿಗಾಗಿ ಒತ್ತಿದ ಒಂದೆರಡು ಅಂಗಿಗಳ ಮೇಲೆ ಕಂಪನಿಗಳು ಕಾನೂನು ಕ್ರಮಕ್ಕೆ ಇಳಿಯುವುದು ಅಪರೂಪ, ಅನುಮತಿಯಿಲ್ಲದೆ ಮಾರಿದರೆ ಮಾತ್ರ ಅದು ಟ್ರೇಡ್‌ಮಾರ್ಕ್ ಉಲ್ಲಂಘನೆಯ ಮೊಕದ್ದಮೆಗೆ ದಾರಿ.

ಕರ್ನಾಟಕದಲ್ಲಿ ಇದೇ ಕತ್ತರಿಸುವ ಯಂತ್ರ ರೇಡಿಯಂ ಸ್ಟಿಕರ್ ಅಂಗಡಿಗಳ ಮೂಲಕ ಊರೂರು ಸೇರಿತು. ಆಟೋದ ಹಿಂದಿನ ಸಾಲುಗಳು, ಬೈಕಿನ ಮೇಲೆ ನಟರ ಹೆಸರುಗಳು ಅಲ್ಲಿ ತಯಾರಾಗುತ್ತವೆ. ಅಭಿಮಾನಿ ಸಂಘಗಳು ನೆಚ್ಚಿನ ನಟನ ಚಿತ್ರಕ್ಕೆ ಒಂದೇ ಬಗೆಯ ಟೀ ಶರ್ಟು ಮಾಡಿಸುವುದೂ ಇಲ್ಲಿ ರೂಢಿಯಲ್ಲಿದೆ. 2023ರ ಜೂನ್‌ನಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಕನ್ನಡವೂ ಸೇರಿ 10 ಭಾಷೆಗಳಲ್ಲಿ ಬಿಡುಗಡೆಯಾಯಿತು. ಈಚೆಗೆ ಸಣ್ಣ ಮುದ್ರಕರು ಬಹುವರ್ಣದ ಚಿತ್ರವನ್ನು ಫಿಲ್ಮಿನ ಮೇಲೆ ಮುದ್ರಿಸಿ ಅಂಗಿಗೆ ದಾಟಿಸುವ ಡಿಟಿಎಫ್ ವಿಧಾನಕ್ಕೆ ಹೊರಳುತ್ತಿದ್ದಾರೆ. ಅದಕ್ಕೆ ದುಬಾರಿ ಪ್ರಿಂಟರ್, ವಿಶೇಷ ಶಾಯಿ, ಅಂಟಿನ ಪುಡಿ ಬೇಕು. ಒಂದೆರಡು ಬಣ್ಣದ ಲಾಂಛನಕ್ಕೆ ಮನೆಗಳಲ್ಲಿ ವಿನೈಲ್ ಹಾಳೆಯೇ ಬಳಕೆಯಲ್ಲಿದೆ.