ಹಿತ್ತಲಿಗೆ ಇಳಿದ ಗೆಲಾಕ್ಸಿ: ಹವ್ಯಾಸಿ ಆಕಾಶ ಛಾಯಾಗ್ರಹಣ ನಡೆದು ಬಂದ ದಾರಿ

ಕಾರ್ತಿಕ ಮಾಸದ ಕೊನೆಯ ದಿನಗಳಲ್ಲಿ, ಚಂದ್ರನಿಲ್ಲದ ರಾತ್ರಿ ನೋಡಿ, ಅಥಣಿ ಅಥವಾ ರಾಯಬಾಗದ ಹೊಲದ ಮನೆಯ ಅಂಗಳದಲ್ಲಿ ಒಂಬತ್ತರ ಸುಮಾರಿಗೆ ನಿಂತರೆ ನೆತ್ತಿಯಿಂದ ಕೊಂಚ ಉತ್ತರಕ್ಕೆ ಒಂದು ಮಬ್ಬು ಮಚ್ಚೆ ಕಾಣುತ್ತದೆ. ಅದು ದೇವಯಾನಿ ಗೆಲಾಕ್ಸಿ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಮುಟ್ಟಲು ಸುಮಾರು 25 ಲಕ್ಷ ವರ್ಷ ಹಿಡಿಯುತ್ತದೆ. ಬರಿಗಣ್ಣಿಗೆ ಸಿಗುವುದು ಅದರ ನಡುಭಾಗ ಮಾತ್ರ. ಪೂರ್ತಿ ಗೆಲಾಕ್ಸಿ ಹುಣ್ಣಿಮೆ ಚಂದ್ರನ ಆರು ಪಟ್ಟು ಅಗಲಕ್ಕೆ ಹಬ್ಬಿದೆ. ಕಣ್ಣು ಆ ಕ್ಷಣಕ್ಕೆ ಬಿದ್ದ ಬೆಳಕನ್ನಷ್ಟೇ ನೋಡುತ್ತದೆ, ಕ್ಯಾಮೆರಾ ಅದನ್ನು ಕೂಡಿಡುತ್ತಾ ಹೋಗುತ್ತದೆ. ಆಕಾಶ ಛಾಯಾಗ್ರಹಣದ ಇಡೀ ಇತಿಹಾಸ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಈ ಇತಿಹಾಸದಲ್ಲಿ ಹವ್ಯಾಸಿಗಳ ಪಾಲು ಮೊದಲಿನಿಂದಲೂ ದೊಡ್ಡದು. 1858ರ ಸೆಪ್ಟೆಂಬರ್ 27ರಂದು ಡೊನಾಟಿ ಧೂಮಕೇತುವಿನ ಚಿತ್ರ ತೆಗೆದ ವಿಲಿಯಂ ಅಶರ್‌ವುಡ್ ಇಂಗ್ಲೆಂಡಿನ ಒಬ್ಬ ಭಾವಚಿತ್ರ ಛಾಯಾಗ್ರಾಹಕ. ಜನರ ಮುಖ ಸೆರೆಹಿಡಿಯುವ ಲೆನ್ಸನ್ನೇ ಆಕಾಶಕ್ಕೆ ತಿರುಗಿಸಿ ಏಳು ಸೆಕೆಂಡ್ ತೆರೆದಿಟ್ಟ. ಧೂಮಕೇತು ಮೊತ್ತಮೊದಲು ಫೋಟೊದಲ್ಲಿ ಮೂಡಿದ್ದು ಹೀಗೆ. ಹಾರ್ವರ್ಡ್ ವೀಕ್ಷಣಾಲಯದ ದೊಡ್ಡ ದೂರದರ್ಶಕ ಆ ಕೆಲಸಕ್ಕೆ ತೊಡಗಿದ್ದು ಮಾರನೆಯ ರಾತ್ರಿ.

1883ರಲ್ಲಿ ಆಂಡ್ರ್ಯೂ ಐನ್ಸ್ಲಿ ಕಾಮನ್ ಎಂಬ ಎಂಜಿನಿಯರ್ ಲಂಡನ್ ಪಕ್ಕದ ಈಲಿಂಗಿನ ತನ್ನ ಮನೆಯ ತೋಟದಲ್ಲಿ 36 ಇಂಚಿನ ಕನ್ನಡಿಯ ದೂರದರ್ಶಕ ನಿಲ್ಲಿಸಿ ಮಹಾವ್ಯಾಧ ನೀಹಾರಿಕೆಯ ಚಿತ್ರ ತೆಗೆದ. ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಗಾಜಿನ ಫಲಕದಲ್ಲಿ ಮೂಡಿದ್ದವು. 1888ರಲ್ಲಿ ಲಿವರ್‌ಪೂಲ್ ಬಳಿಯ ಕಟ್ಟಡ ಗುತ್ತಿಗೆದಾರ ಐಸಾಕ್ ರಾಬರ್ಟ್ಸ್ ಗಂಟೆಗಟ್ಟಲೆ ಫಲಕ ತೆರೆದಿಟ್ಟು ದೇವಯಾನಿಯ ಸುರುಳಿ ತೋಳುಗಳನ್ನು ತೋರಿಸಿಕೊಟ್ಟ. ಹುಟ್ಟುತ್ತಿರುವ ಸೌರವ್ಯೂಹವೊಂದನ್ನು ನೋಡುತ್ತಿದ್ದೇವೆಂದು ಅಂದಿನವರು ತಿಳಿದರು. ಅದು ನಮ್ಮ ಆಕಾಶಗಂಗೆಯ ಆಚೆಗಿನ ಬೇರೆಯೇ ಗೆಲಾಕ್ಸಿ ಎಂದು ಎಡ್ವಿನ್ ಹಬಲ್ ತೋರಿಸಿಕೊಡುವ ಹೊತ್ತಿಗೆ 1920ರ ದಶಕ ಬಂದಿತ್ತು.

ಭಾರತದಲ್ಲಿ ಈ ಕೆಲಸ ಬಹುಕಾಲ ವೀಕ್ಷಣಾಲಯಗಳ ಒಳಗೇ ಇತ್ತು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ಇಡೀ ಆಕಾಶವನ್ನು ಫೋಟೊದಲ್ಲಿ ನಕ್ಷೆ ಮಾಡುವ ಅಂತಾರಾಷ್ಟ್ರೀಯ ಯೋಜನೆಯಲ್ಲಿ ಪಾಲುಗೊಂಡಿತು. ಕೊಡೈಕೆನಾಲಿನಲ್ಲಿ 1910ರ ಹ್ಯಾಲಿ ಧೂಮಕೇತುವಿನ ಚಿತ್ರಗಳು ದಾಖಲಾದವು. ನಿಜಾಮಿಯಾದಲ್ಲಿ ಕೆಲಸಕ್ಕಿದ್ದವರ ಮಗ ವೇಣು ಬಾಪು, ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1949ರಲ್ಲಿ ತಾವು ತೆಗೆದ ಫಲಕದಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಬಾಪು–ಬಾಕ್–ನ್ಯೂಕರ್ಕ್ ಎಂಬ ಆ ಧೂಮಕೇತುವಿನ ಹೆಸರಿನಲ್ಲಿ ಮೊದಲು ಬರುವುದು ಅವರದೇ. ಮುಂದೆ ಅವರು ಕಟ್ಟಿ ಬೆಳೆಸಿದ ಭಾರತೀಯ ಖಭೌತ ಸಂಸ್ಥೆ ಬೆಂಗಳೂರಿನಲ್ಲಿ ನೆಲೆಯೂರಿತು. ಇಂದು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರು ಬಳಿಯ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ.

ಕರ್ನಾಟಕದ ಹವ್ಯಾಸಿಗಳು ಸಂಘ ಕಟ್ಟಿಕೊಂಡದ್ದು 1970ರ ದಶಕದಲ್ಲಿ. ಬೆಂಗಳೂರು ಹವ್ಯಾಸಿ ಖಗೋಳಜ್ಞರ ಸಂಘ ಆ ಕಾಲದ್ದು. 1989ರಲ್ಲಿ ಜವಾಹರಲಾಲ್ ನೆಹರೂ ತಾರಾಲಯ ಬಂತು. ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಬೆಳೆಯಿತು. ಜಿ.ಟಿ. ನಾರಾಯಣ ರಾವ್ ಅವರು ನಕ್ಷತ್ರ ಗುರುತಿಸುವುದನ್ನು ಕನ್ನಡದಲ್ಲಿ ಬರೆದು ಕಲಿಸಿದರು, ಬಿ.ಎಸ್. ಶೈಲಜಾ ಅವರು ಅದೇ ಕೆಲಸವನ್ನು ಮುಂದುವರಿಸಿದರು. ಆಕಾಶ ಓದಲು ಬಂದವರಿಗೆ ಮುಂದಿನ ಆಸೆ ಅದನ್ನು ಸೆರೆಹಿಡಿಯುವುದು.

ಆದರೆ ಫಿಲ್ಮಿನ ಕಾಲದಲ್ಲಿ ಆ ಆಸೆ ದುಬಾರಿಯಾಗಿತ್ತು. ಫಿಲ್ಮು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬಳಸಿಕೊಳ್ಳುತ್ತಿದ್ದದ್ದು ನೂರಕ್ಕೆ ಒಂದೆರಡು ಪಾಲು. ಬೆಳಕು ಮಂದವಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಅದರ ಗ್ರಹಣಶಕ್ತಿ ಇನ್ನೂ ಕುಸಿಯುತ್ತಿತ್ತು. ಹಾಗಾಗಿ ಫಿಲ್ಮನ್ನು ಮೊದಲೇ ಹೈಡ್ರೋಜನ್ ಬೆರೆತ ಅನಿಲದಲ್ಲಿ ಕಾಯಿಸಿ ಹದಗೊಳಿಸುವ ಪದ್ಧತಿಯಿತ್ತು. ಚಿತ್ರ ತೆಗೆಯುವವರು ಅಡ್ಡಗೆರೆಗಳ ನಡುವೆ ಒಂದು ನಕ್ಷತ್ರವನ್ನಿಟ್ಟುಕೊಂಡು, ಅದು ಕದಲದಂತೆ ಗಂಟೆಗಟ್ಟಲೆ ದೂರದರ್ಶಕ ತಿರುಗಿಸಬೇಕಿತ್ತು. ಚಿತ್ರ ಕೆಟ್ಟಿದೆಯೋ ಇಲ್ಲವೋ ಗೊತ್ತಾಗುತ್ತಿದ್ದದ್ದು ಫಿಲ್ಮ್ ತೊಳೆದ ಮೇಲೆ. 1986ರ ಏಪ್ರಿಲ್‌ನಲ್ಲಿ ಹ್ಯಾಲಿ ದಕ್ಷಿಣ ದಿಗಂತದ ಕಡೆ ಸಾಗಿದಾಗಲೂ, 1997ರಲ್ಲಿ ಹೇಲ್–ಬಾಪ್ ಧೂಮಕೇತು ವಾಯವ್ಯದಲ್ಲಿ ಬೆಳಗಿದಾಗಲೂ ಹವ್ಯಾಸಿಗಳ ಕೈಯಲ್ಲಿದ್ದದ್ದು ಹೆಚ್ಚಾಗಿ ಈ ಫಿಲ್ಮೇ.

ಈ ಕಟ್ಟು ಬಿಡಿಸಿದ್ದು ಸಿಸಿಡಿ ಎಂಬ, ಬೆಳಕು ಗ್ರಹಿಸುವ ಎಲೆಕ್ಟ್ರಾನಿಕ್ ಬಿಲ್ಲೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಈ ಬಿಲ್ಲೆ, ಬಿದ್ದ ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಲೆಕ್ಕಕ್ಕೆ ತಂದುಕೊಳ್ಳಬಲ್ಲದು. 2009ರಲ್ಲಿ ಅವರಿಗೆ ನೊಬೆಲ್ ಬಂತು. 1990ರ ದಶಕದಲ್ಲಿ ಸಿಸಿಡಿ ಹವ್ಯಾಸಿಗಳಿಗೆ ಸಿಕ್ಕಿತು. 2003ರಲ್ಲಿ ಕ್ಯಾನನ್ 300ಡಿ ಬಂದ ಮೇಲೆ ಮದುವೆ ಫೋಟೊ ತೆಗೆಯುವ ಕ್ಯಾಮೆರಾವೇ ಗೆಲಾಕ್ಸಿಗೂ ಸಾಕೆನ್ನುವಂತಾಯಿತು. 2007ರಲ್ಲಿ ಆಸ್ಟ್ರೇಲಿಯಾದ ಹವ್ಯಾಸಿ ಟೆರ್ರಿ ಲವ್‌ಜಾಯ್ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಕ್ಯಾಮೆರಾದಿಂದಲೇ ಹೊಸ ಧೂಮಕೇತು ಕಂಡುಹಿಡಿದರು. 2019ರಲ್ಲಿ ಹವ್ಯಾಸಿ ಗೆನ್ನಾಡಿ ಬೊರಿಸೊವ್ ತಾವೇ ಕಟ್ಟಿದ 65 ಸೆಂಟಿಮೀಟರ್ ದೂರದರ್ಶಕದಲ್ಲಿ, ಬೇರೆ ನಕ್ಷತ್ರಲೋಕದಿಂದ ಬಂದ ಮೊದಲ ಧೂಮಕೇತುವನ್ನು ಹಿಡಿದರು. 2023ರ ಜನವರಿಯಲ್ಲಿ ಜರ್ಮನಿ, ಫ್ರಾನ್ಸಿನ ಹವ್ಯಾಸಿಗಳು ದೇವಯಾನಿಯ ಪಕ್ಕದಲ್ಲೇ ಆಮ್ಲಜನಕದ ಹೊಳಪಿನ ದೊಡ್ಡ ಕಮಾನೊಂದನ್ನು ಪ್ರಕಟಿಸಿದರು. ರಾಬರ್ಟ್ಸನ ಕಾಲದಿಂದ ಲೆಕ್ಕವಿಲ್ಲದಷ್ಟು ಸಲ ಚಿತ್ರಿಸಿದ ಆಕಾಶದ ತುಣುಕದು. ಸಣ್ಣ ದೂರದರ್ಶಕದಲ್ಲಿ 100 ಗಂಟೆಗೂ ಮಿಕ್ಕಿ ಬೆಳಕು ಕೂಡಿಟ್ಟವರಿಗೆ ಅದು ದಕ್ಕಿತು.

ಇಂದಿನ ಕೈಚಳಕವೆಲ್ಲ ಇರುವುದು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವುದರಲ್ಲಿ. ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದಕ್ಕೆ 50 ಮಿಲಿಮೀಟರ್ ಲೆನ್ಸು ಇದ್ದರೆ ಆರಂಭಕ್ಕೆ ಸಾಕು. ಭೂಮಿ ತಿರುಗುವುದರಿಂದ ಆರೇಳು ಸೆಕೆಂಡ್ ದಾಟಿದರೆ ನಕ್ಷತ್ರಗಳು ಚುಕ್ಕೆಯ ಬದಲು ಗೆರೆಯಾಗುತ್ತವೆ. ಆದ್ದರಿಂದ ಆರಾರು ಸೆಕೆಂಡಿನ ನೂರು ಚಿತ್ರ ತೆಗೆಯಬೇಕು. ಬಳಿಕ ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಕಪ್ಪು ಚಿತ್ರಗಳನ್ನೂ ತೆಗೆಯಬೇಕು. ಸೆನ್ಸರ್ ಬಿಸಿಯಾಗಿ ತಾನೇ ಹುಟ್ಟಿಸುವ ಸುಳ್ಳು ಚುಕ್ಕೆಗಳನ್ನು ಕಳೆಯಲು ಅವು ಬೇಕು. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ಉಚಿತ ತಂತ್ರಾಂಶಗಳು ನಕ್ಷತ್ರಗಳನ್ನು ಒಂದಕ್ಕೊಂದು ಹೊಂದಿಸಿ ಪೇರಿಸುತ್ತವೆ. ನೂರು ಚಿತ್ರ ಸೇರಿದರೆ ಕಾಳುಕಾಳಾಗಿ ಕಾಣುವ ನಾಯ್ಸು ಹತ್ತನೇ ಒಂದಕ್ಕೆ ಇಳಿದು, ಅದರಡಿ ಮುಚ್ಚಿದ್ದ ಗೆಲಾಕ್ಸಿಯ ಅಂಚು ಮೇಲೇಳುತ್ತದೆ. ಧೂಮಕೇತುವಾದರೆ ಅದು ನಕ್ಷತ್ರಗಳ ನಡುವೆ ಸರಿಯುತ್ತಿರುತ್ತದೆ. ಹಾಗಾಗಿ ಒಮ್ಮೆ ನಕ್ಷತ್ರಗಳಿಗೆ, ಇನ್ನೊಮ್ಮೆ ಧೂಮಕೇತುವಿನ ತಲೆಗೆ ಹೊಂದಿಸಿ ಎರಡು ಸಲ ಪೇರಿಸಿ ಕೂಡಿಸುತ್ತಾರೆ. 2023ರಲ್ಲಿ ಬಂದ ಸೀಸ್ಟಾರ್ ಎಸ್50ಯಂಥ ಪುಟ್ಟ ಯಂತ್ರಗಳು ಇದನ್ನೆಲ್ಲ ತಾವೇ ಮಾಡಿ ಚಿತ್ರವನ್ನು ಮೊಬೈಲಿಗೆ ಕಳಿಸುತ್ತವೆ.

ಹೀಗೆ ಸಲಕರಣೆ ಕೈಗೆಟುಕಿದ ಮೇಲೆ ಉಳಿದ ಪ್ರಶ್ನೆ ಆಕಾಶದ್ದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಬಲ ಇರುವುದು ಇಲ್ಲೇ. ಇವೆಲ್ಲ ಸರಿಸುಮಾರು 16.4ರಿಂದ 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ದೇವಯಾನಿ ಇಲ್ಲಿ ನೆತ್ತಿಯ ಹತ್ತಿರ ಏರುತ್ತದೆ. ಇಂಗ್ಲೆಂಡಿನ ದಿಗಂತಕ್ಕೆ ಏರಲೇ ಆಗದ ಸೆಂಟಾರಸ್-ಎ ಗೆಲಾಕ್ಸಿ ಮತ್ತು ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಇಲ್ಲಿ ಏಪ್ರಿಲ್ ನಡುರಾತ್ರಿ ದಕ್ಷಿಣಕ್ಕೆ 26ರಿಂದ 30 ಡಿಗ್ರಿ ಎತ್ತರದಲ್ಲಿರುತ್ತವೆ. ಧ್ರುವ ನಕ್ಷತ್ರ ಮಾತ್ರ ತಗ್ಗು. ಚಾಚಿದ ತೋಳಿನ ಒಂದೂವರೆ ಮುಷ್ಟಿಯಷ್ಟು ಎತ್ತರ. ದೂರದರ್ಶಕದ ಅಕ್ಷ ಹೊಂದಿಸಲು ಅದು ಬೇಕು. ಎದೆ ಮೀರಿ ಬೆಳೆದ ಕಬ್ಬಿನ ಬದುವಿಗಿಂತ ಮನೆಯ ಮಾಳಿಗೆ ಅದಕ್ಕೆ ಮೇಲು.

ಐದು ಊರುಗಳ ಆಕಾಶವೂ ಒಂದೇ ಅಲ್ಲ. ನಿಪ್ಪಾಣಿ ಘಟ್ಟದ ಸೆರಗಿಗೆ ಹತ್ತಿರ, ಅಲ್ಲಿ ಮಳೆ ಮೋಡ ಜಾಸ್ತಿ. ಉತ್ತರಕ್ಕೆ ಕೊಲ್ಹಾಪುರ, ಇಚಲಕರಂಜಿಗಳ ಬೆಳಕಿನ ಝಳವೂ ಇದೆ. ಕಾಗವಾಡದ ವಾಯವ್ಯಕ್ಕೆ ಮೀರಜ್, ಸಾಂಗಲಿ. ಅಥಣಿ ಮಳೆನೆರಳಿನ ಬಯಲುಸೀಮೆ. ಪೂರ್ವಕ್ಕೆ ವಿಜಯಪುರದ ಕಡೆ ಆಕಾಶ ಹರವಾಗಿದೆ. ಚಿಕ್ಕೋಡಿ, ರಾಯಬಾಗಗಳಲ್ಲಿ ಪೇಟೆ ಬಿಟ್ಟು ನಾಲ್ಕಾರು ಮೈಲಿ ಹೋದರೆ ಆಕಾಶಗಂಗೆ ಸಿಗುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ತಿಳಿಯಾಗಿರುವ ಕಾಲ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮೂ ಅದೇ. ಚಿಮಣಿಯ ಹೊಗೆ, ರವದಿ ಸುಡುವ ಹೊಗೆ ಎರಡೂ ಊರ ಬೆಳಕನ್ನು ಚದುರಿಸಿ ಆಕಾಶವನ್ನು ಬೆಳ್ಳಗಾಗಿಸುತ್ತವೆ. ಕೃಷ್ಣೆ, ದೂಧಗಂಗೆಯ ದಂಡೆಯಲ್ಲಿ ನಸುಕಿನ ಇಬ್ಬನಿ ಲೆನ್ಸಿನ ಮೇಲೆ ಕೂರುತ್ತದೆ. ಲೆನ್ಸಿಗೆ ಬೆಚ್ಚಗಿನ ಪಟ್ಟಿ ಸುತ್ತಬೇಕು.

2024ರ ಸೆಪ್ಟೆಂಬರ್ ಕೊನೆಗೆ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ಬಂದಾಗ ಬೆಂಗಳೂರಿನಂಥ ಬೆಳಕಿನ ಊರಿನಿಂದಲೇ ಹವ್ಯಾಸಿಗಳು ನಸುಕಿನಲ್ಲಿ ಅದರ ಚಿತ್ರ ತೆಗೆದರು. ಅಷ್ಟು ಬೆಳಕಿನಲ್ಲೂ ಆದದ್ದು ರಾಯಬಾಗದ ಕತ್ತಲಲ್ಲಿ ಇನ್ನೂ ಚೆನ್ನಾಗಿ ಆಗುತ್ತದೆ. ಆ ಕತ್ತಲನ್ನು ಉಳಿಸಿಕೊಳ್ಳುವುದು ಈಗ ಕ್ಯಾಮೆರಾ ಕೊಳ್ಳುವುದಕ್ಕಿಂತ ದೊಡ್ಡ ಕೆಲಸ. 2022ರಲ್ಲಿ ಹಾನ್ಲೆ ದೇಶದ ಮೊದಲ ಕತ್ತಲ ಆಕಾಶದ ಮೀಸಲು ಪ್ರದೇಶವಾಯಿತು. ಅಲ್ಲಿನ ಹಳ್ಳಿಗರು ಕಿಟಕಿಗೆ ಪರದೆ, ದೀಪಕ್ಕೆ ಮರೆ ಹಾಕಿ ಸಹಕರಿಸುತ್ತಿದ್ದಾರೆ. ಇಲ್ಲಿನ ಗ್ರಾಮ ಪಂಚಾಯ್ತಿಗಳು ಹೊಸ ಎಲ್‌ಇಡಿ ಬೀದಿದೀಪ ಹಾಕುವಾಗ ಬೆಳಕು ನೆಲಕ್ಕಷ್ಟೇ ಬೀಳುವ ಮುಚ್ಚಿಗೆಯಿರುವುದನ್ನು, ನೀಲಿಯ ಬದಲು ಹಳದಿ ಬೆಳಕಿನದನ್ನು ಆರಿಸಬೇಕು. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಈ ಸಲದ ಕಾರ್ತಿಕ ಅಮಾವಾಸ್ಯೆಗೆ ಒಂದು ಕ್ಯಾಮೆರಾ, ಒಂದು ಸ್ಟ್ಯಾಂಡು ಹೊಂದಿಸಿಕೊಂಡು ಮಕ್ಕಳನ್ನು ಊರಾಚೆಗೆ ಕರೆದೊಯ್ಯಲಿ; ಅವರ ಮೊದಲ ಚಿತ್ರ ದೇವಯಾನಿಯದೇ ಆಗಲಿ.