ಕೆನಡಾದ ಸಾಹಿತ್ಯ: ಪ್ರಕಾರಗಳೂ ಕಲ್ಪಿತ ಊರುಗಳೂ

ಕೆನಡಾದ ಸಾಹಿತ್ಯವೆಂದರೆ ಮುಖ್ಯವಾಗಿ ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ, ಜೊತೆಗೆ ಕ್ರೀ, ಇನುಕ್ಟಿಟುಟ್ ಮೊದಲಾದ ಮೂಲನಿವಾಸಿ ಭಾಷೆಗಳಲ್ಲಿ ಬೆಳೆದುಬಂದ ಬರವಣಿಗೆ. ವಿಸ್ತೀರ್ಣದಲ್ಲಿ ಜಗತ್ತಿನ ಎರಡನೆಯ ದೊಡ್ಡ ದೇಶವಾದರೂ ಕೆನಡಾದ ಹೆಸರಾಂತ ಪುಸ್ತಕಗಳಲ್ಲಿ ಬಹಳಷ್ಟು ನಡೆಯುವುದು ಒಂದೊಂದು ಪುಟ್ಟ ಊರಿನಲ್ಲಿ. ಆ ಊರುಗಳಲ್ಲಿ ಹಲವನ್ನು ನಕಾಶೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾಸ್ಯವಿರಲಿ, ಮಕ್ಕಳ ಕಥೆಯಿರಲಿ, ಪತ್ತೇದಾರಿ ಕಾದಂಬರಿಯಿರಲಿ, ಲೇಖಕರು ಮೊದಲು ಒಂದು ಊರನ್ನು ಕಟ್ಟಿಕೊಂಡು ಆಮೇಲೆ ಅದರಲ್ಲಿ ಜನರನ್ನು ಇರಿಸಿದಂತೆ ಕಾಣುತ್ತದೆ. ಪ್ರಕಾರದಿಂದ ಪ್ರಕಾರಕ್ಕೆ ದಾಟಬಯಸುವ ಓದುಗರಿಗೆ ಪ್ರಶಸ್ತಿ ಪಟ್ಟಿಗಳಿಗಿಂತ ಈ ಊರುಗಳೇ ಒಳ್ಳೆಯ ದಾರಿ ತೋರಿಸುತ್ತವೆ.

ಆರಂಭದ ಬರಹಗಳು ವಲಸೆ ಬಂದವರ ಪತ್ರಗಳು ಮತ್ತು ಅನುಭವ ಕಥನಗಳು. ಕ್ವಿಬೆಕ್‌ನಲ್ಲಿದ್ದ ಸೇನಾ ಪಾದ್ರಿಯೊಬ್ಬರ ಪತ್ನಿ ಫ್ರಾನ್ಸಿಸ್ ಬ್ರೂಕ್ 1769ರಲ್ಲಿ ಪ್ರಕಟಿಸಿದ ‘ದಿ ಹಿಸ್ಟರಿ ಆಫ್ ಎಮಿಲಿ ಮಾಂಟೆಗ್ಯೂ’ ಎಂಬ ಪತ್ರರೂಪದ ಕೃತಿಯನ್ನು ಕೆನಡಾದ ಮೊದಲ ಕಾದಂಬರಿಯೆಂದು ಎಣಿಸುವುದು ರೂಢಿ. ಅದಕ್ಕಿಂತ ಜೀವಂತವಾಗಿರುವುದು ಇಂಗ್ಲೆಂಡಿನಿಂದ 1832ರಲ್ಲಿ ಬಂದ ಅಕ್ಕತಂಗಿಯರ ಬರವಣಿಗೆ. ಅಕ್ಕ ಕ್ಯಾಥರೀನ್ ಪಾರ್ ಟ್ರೇಲ್ ‘ದಿ ಬ್ಯಾಕ್‌ವುಡ್ಸ್ ಆಫ್ ಕೆನಡಾ’ದಲ್ಲಿ (1836) ಕಾಡಿನ ಬದುಕಿಗೆ ಒಗ್ಗಿಕೊಳ್ಳುವ ಬಗೆಯನ್ನು ಸಮಾಧಾನದಿಂದ ಹೇಳಿಕೊಡುತ್ತಾರೆ. ತಂಗಿ ಸುಸಾನಾ ಮೂಡಿ ‘ರಫಿಂಗ್ ಇಟ್ ಇನ್ ದ ಬುಷ್’ನಲ್ಲಿ (1852) ಅದೇ ಕಾಡಿಗೆ ಬರಲೇಬೇಡಿ ಎಂದು ಎಚ್ಚರಿಸುತ್ತಾರೆ. ಓದಲು ತಂಗಿಯ ಸಿಡುಕೇ ಹೆಚ್ಚು ರುಚಿಕರ. ಮಾರ್ಗರೆಟ್ ಅಟ್‌ವುಡ್ 1970ರಲ್ಲಿ ಒಂದು ಕವನ ಸಂಕಲನವನ್ನೇ ಮೂಡಿಯ ದನಿಯಲ್ಲಿ ಬರೆದರು.

ಹಾಸ್ಯಕ್ಕೆ ಸ್ಟೀಫನ್ ಲೀಕಾಕ್ ದೊಡ್ಡ ಹೆಸರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಇವರ ‘ಸನ್‌ಶೈನ್ ಸ್ಕೆಚಸ್ ಆಫ್ ಎ ಲಿಟ್ಲ್ ಟೌನ್’ (1912) ಮರಿಪೋಸಾ ಎಂಬ ಕಲ್ಪಿತ ಊರಿನ ಕಥೆಗಳ ಮಾಲೆ. ಒಂಟಾರಿಯೊದ ಒರಿಲಿಯಾ ಪಟ್ಟಣದ ಜನ ಅದರಲ್ಲಿ ತಮ್ಮನ್ನೇ ಗುರುತಿಸಿಕೊಂಡರು. ಲೀಕಾಕ್ ಹೆಸರಿನಲ್ಲಿ 1947ರಿಂದ ಹಾಸ್ಯ ಸಾಹಿತ್ಯಕ್ಕೆ ಪದಕ ಕೊಡಲಾಗುತ್ತಿದೆ.

‘ಸನ್‌ಶೈನ್ ಸ್ಕೆಚಸ್’ಗೆ ನಾಲ್ಕು ವರ್ಷ ಮೊದಲು, 1908ರಲ್ಲಿ, ಎಲ್.ಎಂ. ಮಾಂಟ್‌ಗೊಮರಿಯವರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ ಬಂದಿತ್ತು. ಹೊಲದ ಕೆಲಸಕ್ಕೆ ಒಬ್ಬ ಹುಡುಗ ಬೇಕೆಂದು ಕೇಳಿದ ಅಣ್ಣತಂಗಿಯ ಮನೆಗೆ ತಪ್ಪಿ ಬಂದಿಳಿಯುವ ಅನಾಥ ಹುಡುಗಿಯ ಕಥೆ ಇದು. ಅದು ನಡೆಯುವ ಆವನ್‌ಲೀ ಕಲ್ಪಿತ ಊರಾದರೂ ಪ್ರಿನ್ಸ್ ಎಡ್ವರ್ಡ್ ದ್ವೀಪದ ಕ್ಯಾವೆಂಡಿಷ್ ಹಳ್ಳಿಯೇ ಅದರ ಮೂಲ. ಹನಾಕೊ ಮುರಾವೊಕಾ ಅವರ ಜಪಾನಿ ಅನುವಾದ 1952ರಲ್ಲಿ ಪ್ರಕಟವಾದ ಮೇಲೆ ಆ್ಯನ್ ಜಪಾನಿನಲ್ಲಿ ಮನೆಮಾತಾದಳು. ಫ್ರೆಂಚ್ ಕಡೆಯಿಂದ ಬಂದ ಮಕ್ಕಳ ಕಥೆಗಳಲ್ಲಿ ರೋಶ್ ಕ್ಯಾರಿಯರ್ ಅವರ ‘ದಿ ಹಾಕಿ ಸ್ವೆಟರ್’ಗೆ ಸಾಟಿಯಿಲ್ಲ. ಮಾಂಟ್ರಿಯಲ್ ತಂಡದ ಅಂಗಿಗೆ ಕಾಯುತ್ತಿದ್ದ ಕ್ವಿಬೆಕ್ ಹಳ್ಳಿಯ ಹುಡುಗನಿಗೆ ಅಂಚೆಯಲ್ಲಿ ಬರುವುದು ಎದುರಾಳಿ ಟೊರಾಂಟೊ ತಂಡದ ಅಂಗಿ. ಎರಡು ಭಾಷೆಗಳ ಜಗಳವೆಲ್ಲ ಆ ಒಂದು ಅಂಗಿಯಲ್ಲಿದೆ. 2002ರಲ್ಲಿ ಹೊರಬಂದ ಐದು ಡಾಲರ್ ನೋಟಿನ ಹಿಂಬದಿಯಲ್ಲಿ ಈ ಕಥೆಯ ಸಾಲುಗಳನ್ನು ಅಚ್ಚು ಹಾಕಿದ್ದರು.

ಕಾದಂಬರಿ ಮತ್ತು ಸಣ್ಣಕಥೆಗಳಲ್ಲಿ ಊರಿನ ಬಣ್ಣ ಗಾಢವಾಗುತ್ತದೆ. ಮ್ಯಾನಿಟೋಬಾದ ನೀಪಾವಾದಲ್ಲಿ ಬೆಳೆದ ಮಾರ್ಗರೆಟ್ ಲಾರೆನ್ಸ್ ಅದನ್ನು ಮನವಾಕಾ ಎಂದು ಹೆಸರು ಬದಲಿಸಿ ಐದು ಪುಸ್ತಕಗಳನ್ನು ಬರೆದರು. ಅವುಗಳಲ್ಲಿ ಮೊದಲನೆಯದಾದ ‘ದಿ ಸ್ಟೋನ್ ಏಂಜಲ್’ (1964), ತೊಂಬತ್ತು ವರ್ಷದ ಹೇಗರ್ ಶಿಪ್ಲೀಯ ಬಾಯಲ್ಲಿ ಬರುವ ಕಥೆ. ಯಾರಿಗೂ ಬಗ್ಗದ, ಬಗ್ಗದಿದ್ದುದಕ್ಕೇ ಎಲ್ಲವನ್ನೂ ಕಳೆದುಕೊಂಡ ಮುದುಕಿ ಈಕೆ. ರಾಬರ್ಟ್‌ಸನ್ ಡೇವಿಸ್ ಅವರ ‘ಫಿಫ್ತ್ ಬಿಸಿನೆಸ್’ (1970) ಡೆಪ್ಟ್‌ಫರ್ಡ್ ಎಂಬ ಊರಲ್ಲಿ ಎಸೆದ ಒಂದು ಹಿಮದ ಉಂಡೆಯಿಂದ ಶುರುವಾಗಿ ಮೂರು ಕಾದಂಬರಿಗಳಷ್ಟು ದೂರ ಉರುಳುತ್ತದೆ.

ಇವರೆಲ್ಲರಿಗಿಂತ ಸಣ್ಣ ಜಾಗದಲ್ಲಿ ಹೆಚ್ಚು ಆಳಕ್ಕೆ ಇಳಿದವರು ಆಲಿಸ್ ಮನ್ರೊ (1931–2024). ಒಂಟಾರಿಯೊದ ಹ್ಯೂರನ್ ಕೌಂಟಿಯ ವಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಮನ್ರೊ ಸಣ್ಣಕಥೆಯನ್ನು ಬಿಟ್ಟು ಹೆಚ್ಚೇನನ್ನೂ ಬರೆಯಲಿಲ್ಲ. 1963ರಲ್ಲಿ ಗಂಡನ ಜೊತೆ ವಿಕ್ಟೋರಿಯಾ ನಗರದಲ್ಲಿ ತೆರೆದ ಪುಸ್ತಕದಂಗಡಿ ಇಂದಿಗೂ ನಡೆಯುತ್ತಿದೆ. ಮೊದಲ ಸಂಕಲನ ‘ಡಾನ್ಸ್ ಆಫ್ ದ ಹ್ಯಾಪಿ ಶೇಡ್ಸ್’ ಬಂದದ್ದು 1968ರಲ್ಲಿ. ನೊಬೆಲ್ ಸಂದದ್ದು 2013ರಲ್ಲಿ. ಅವರ ಕಥೆ ಮೂವತ್ತು ನಲವತ್ತು ಪುಟಗಳಲ್ಲಿ ಒಂದು ಇಡೀ ಬದುಕನ್ನು ಹಿಂದುಮುಂದಾಗಿ ದಾಟುತ್ತದೆ. ನರಿ ಸಾಕುವ ಅಪ್ಪ, ಕಾಯಿಲೆಯ ಅಮ್ಮ, ಊರು ಬಿಟ್ಟು ಹೋದ ಮಗಳು ಮತ್ತೆ ಮತ್ತೆ ಬರುತ್ತಾರೆ. ಒಂದು ಕಥೆ ಓದಿ ಏನೂ ನಡೆಯಲಿಲ್ಲವಲ್ಲ ಎನ್ನಿಸಿದವರು ಅದನ್ನೇ ಇನ್ನೊಮ್ಮೆ ಓದಬೇಕು. ನಡೆದದ್ದು ಎರಡನೆಯ ಸಲಕ್ಕೆ ಕಾಣುತ್ತದೆ.

ಫ್ರೆಂಚ್ ಸಾಹಿತ್ಯ ಊರಿನಿಂದ ಕೇರಿಗೆ ಬಂದಿತು. ಗೇಬ್ರಿಯೆಲ್ ರುವಾ ಅವರ ‘ಬೊನೂರ್ ದೊಕಾಸಿಯೊಂ’ (1945) ಮಾಂಟ್ರಿಯಲ್‌ನ ಸೇಂಟ್ ಆನ್ರಿ ಎಂಬ ಬಡ ಕಾರ್ಮಿಕರ ಕೇರಿಯ ಕಾದಂಬರಿ. ಹೊಟ್ಟೆಪಾಡಿಗಾಗಿ ಯುದ್ಧಕ್ಕೆ ಸೇರುವವರ ಕಥೆ. ಅದೇ ವರ್ಷ ಹ್ಯೂ ಮೆಕ್ಲೆನನ್ ಇಂಗ್ಲಿಷಿನಲ್ಲಿ ಬರೆದ ‘ಟೂ ಸಾಲಿಟ್ಯೂಡ್ಸ್’ನ ಹೆಸರು ಎರಡು ಭಾಷಾ ಸಮುದಾಯಗಳ ನಡುವಿನ ಅಂತರಕ್ಕೆ ನಾಣ್ಣುಡಿಯಾಯಿತು. ನಾಟಕದಲ್ಲಿ ಮಿಶೆಲ್ ಟ್ರಾಂಬ್ಲೆ ‘ಲೆ ಬೆಲ್ ಸೂರ್’ (1968) ಮೂಲಕ ಶಿಷ್ಟ ಫ್ರೆಂಚನ್ನು ಬದಿಗಿಟ್ಟು ಮಾಂಟ್ರಿಯಲ್ ಕೇರಿಗಳ ‘ಜುವಾಲ್’ ಆಡುಮಾತನ್ನು ರಂಗಕ್ಕೆ ತಂದರು. ಬಹುಮಾನವಾಗಿ ಬಂದ ಹತ್ತು ಲಕ್ಷ ಅಂಗಡಿ ಸ್ಟಾಂಪುಗಳನ್ನು ಅಂಟಿಸಲು ನೆರೆಹೊರೆಯ ಹೆಂಗಸರು ಅಡುಗೆಮನೆಯಲ್ಲಿ ಸೇರಿ, ಮಾತಾಡುತ್ತಲೇ ಅವನ್ನು ಕದಿಯುವ ನಾಟಕ ಅದು. 1979ರಲ್ಲಿ ಅಕೇಡಿಯನ್ ಎಂಬ ಫ್ರೆಂಚ್ ಭಾಷಿಕ ಸಮುದಾಯದ ಲೇಖಕಿ ಆಂತೊನೀನ್ ಮಾಯೆ ಫ್ರಾನ್ಸಿನ ಗಾಂಕೂರ್ ಪ್ರಶಸ್ತಿ ಪಡೆದರು.

ಮೂಲನಿವಾಸಿಗಳ ಬರವಣಿಗೆಯಲ್ಲಿ ಊರೆಂಬುದೇ ಕಿತ್ತುಕೊಂಡ ವಸ್ತು. ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ಅವರ ಭಾಷೆಯನ್ನು ನಿಷೇಧಿಸಿದ ವಸತಿ ಶಾಲೆಗಳು 1990ರ ದಶಕದವರೆಗೂ ಉಳಿದಿದ್ದವು. ರಿಚರ್ಡ್ ವಾಗಮೀಸ್ ಅವರ ‘ಇಂಡಿಯನ್ ಹಾರ್ಸ್’ (2012) ಅಂಥ ಶಾಲೆಯೊಂದರಲ್ಲಿ ಐಸ್ ಹಾಕಿ ಕಲಿತ ಹುಡುಗನ ಕಥೆ. ಮರಿಯಾ ಕ್ಯಾಂಪ್‌ಬೆಲ್ ಅವರ ಆತ್ಮಕಥೆ ‘ಹಾಫ್‌ಬ್ರೀಡ್’ (1973), ಟಾಮ್ಸನ್ ಹೈವೇ ಅವರ ನಾಟಕ ‘ದ ರೆಜ್ ಸಿಸ್ಟರ್ಸ್’ (1986) ಈ ಧಾರೆಯ ಮೈಲಿಗಲ್ಲುಗಳು. ಮಿತಿಯಾರ್ಜುಕ್ ನಪ್ಪಾಲುಕ್ ಎಂಬ ಇನುಯಿಟ್ ಮಹಿಳೆ ಇನುಕ್ಟಿಟುಟ್ ಲಿಪಿಯಲ್ಲಿ 1950ರ ದಶಕದಲ್ಲಿ ಬರೆಯತೊಡಗಿದ ‘ಸನಾಕ್’ ಪುಸ್ತಕವಾದದ್ದು 1984ರಲ್ಲಿ.

ವಲಸಿಗ ಲೇಖಕರಲ್ಲಿ ಹಲವರು ತಾವು ಬಿಟ್ಟುಬಂದ ಊರುಗಳನ್ನು ಕೆನಡಾದಲ್ಲಿ ಕುಳಿತು ಕಟ್ಟಿದರು. ಕೊಲಂಬೊದಲ್ಲಿ ಹುಟ್ಟಿದ ಮೈಕೆಲ್ ಒಂಡಾಟ್ಜೆ ‘ದಿ ಇಂಗ್ಲಿಷ್ ಪೇಷೆಂಟ್’ಗೆ 1992ರ ಬುಕರ್ ಪ್ರಶಸ್ತಿ ಹಂಚಿಕೊಂಡರು. ಮುಂಬಯಿಯ ಪಾರ್ಸಿ ರೋಹಿಂಟನ್ ಮಿಸ್ತ್ರಿ ಅವರ ‘ಎ ಫೈನ್ ಬ್ಯಾಲೆನ್ಸ್’ (1995) ತುರ್ತುಪರಿಸ್ಥಿತಿಯ ಕಾಲದ ಇಬ್ಬರು ದರ್ಜಿಗಳ ಕಥೆ. ಕನ್ನಡಿಗರಿಗೆ ಹತ್ತಿರದವರು ಅನಿತಾ ರಾವ್ ಬಾದಾಮಿ. ಕನ್ನಡ ಮನೆಮಾತಿನ ಕುಟುಂಬದಲ್ಲಿ ರೂರ್ಕೆಲಾದಲ್ಲಿ ಹುಟ್ಟಿ, 1991ರಲ್ಲಿ ಕೆನಡಾ ಸೇರಿದವರು ಇವರು. ‘ಟ್ಯಾಮರಿಂಡ್ ಮೆಮ್’ (1996) ರೈಲ್ವೆ ಕಾಲೊನಿಗಳಲ್ಲಿ ಬದುಕಿದ ತಾಯಿ ಮಗಳ ಕಥೆಯಾದರೆ, ‘ದ ಹೀರೋಸ್ ವಾಕ್’ (2000) ಬಂಗಾಳ ಕೊಲ್ಲಿಯ ದಡದ ತೊತುರ್‌ಪುರಂ ಎಂಬ ಕಲ್ಪಿತ ಊರಿನದು. ವ್ಯಾಂಕೂವರ್‌ನಲ್ಲಿ ಮಗಳು ಅಳಿಯ ಅಪಘಾತದಲ್ಲಿ ತೀರಿಕೊಂಡ ಮೇಲೆ, ಮಾತು ಬಿಟ್ಟ ಮೊಮ್ಮಗಳನ್ನು ಶ್ರೀಪತಿ ರಾವ್ ಆ ಊರಿಗೆ ಕರೆತರುತ್ತಾರೆ. ಮರಿಪೋಸಾದ ಸಾಲಿಗೆ ತೊತುರ್‌ಪುರಂ ಸಲೀಸಾಗಿ ಸೇರುತ್ತದೆ.

ಜನಪ್ರಿಯ ಪ್ರಕಾರಗಳನ್ನು ಕೆನಡಾ ಕೀಳಾಗಿ ಕಂಡಿಲ್ಲ. ಲೂಯಿಸ್ ಪೆನ್ನಿಯವರ ಪತ್ತೇದಾರಿ ಗಮಾಷ್ 2005ರಿಂದ ಕ್ವಿಬೆಕ್‌ನ ತ್ರೀ ಪೈನ್ಸ್ ಎಂಬ ನಕಾಶೆಗೆ ಸಿಗದ ಹಳ್ಳಿಯಲ್ಲಿ ಕೊಲೆಗಳನ್ನು ಭೇದಿಸುತ್ತಿದ್ದಾನೆ. ಹೊವರ್ಡ್ ಎಂಗೆಲ್ ಅವರ ಪತ್ತೇದಾರಿ ಬೆನ್ನಿ ಕೂಪರ್‌ಮನ್ ಗ್ರಾಂಥಮ್ ಎಂಬ ಕಲ್ಪಿತ ಊರಿನವನು. 2001ರ ಒಂದು ಬೆಳಿಗ್ಗೆ ಪತ್ರಿಕೆ ತೆರೆದ ಎಂಗೆಲ್‌ಗೆ ಅಕ್ಷರಗಳು ಪರದೇಶದ ಲಿಪಿಯಂತೆ ಕಂಡವು. ಮೆದುಳಿನ ಆಘಾತದಿಂದ ಓದುವ ಶಕ್ತಿ ಹೋಗಿತ್ತು, ಬರೆಯುವುದು ಉಳಿದಿತ್ತು. ಅದೇ ತೊಂದರೆಯನ್ನು ಕೂಪರ್‌ಮನ್‌ಗೂ ಕೊಟ್ಟು 2005ರಲ್ಲಿ ‘ಮೆಮರಿ ಬುಕ್’ ಬರೆದರು. ವೈಜ್ಞಾನಿಕ ಕಾದಂಬರಿಯಲ್ಲಿ ವ್ಯಾಂಕೂವರ್‌ನ ವಿಲಿಯಂ ಗಿಬ್ಸನ್ ‘ಸೈಬರ್‌ಸ್ಪೇಸ್’ ಎಂಬ ಪದವನ್ನೇ ಸೃಷ್ಟಿಸಿ ‘ನ್ಯೂರೊಮ್ಯಾನ್ಸರ್’ (1984) ಬರೆದರು. ಸೈಬರ್‌ಸ್ಪೇಸ್ ಕೂಡ ಒಂದು ಕಲ್ಪಿತ ಊರೇ. ಅಟ್‌ವುಡ್ ಅವರ ‘ದ ಹ್ಯಾಂಡ್‌ಮೇಯ್ಡ್ಸ್ ಟೇಲ್’ (1985) ‘ನ್ಯೂರೊಮ್ಯಾನ್ಸರ್’ನ ಮರುವರ್ಷದ್ದು. ಚಿತ್ರಕಾದಂಬರಿಕಾರ ಸೆತ್ ತಮ್ಮ ಕಲ್ಪಿತ ಡೊಮಿನಿಯನ್ ನಗರದ ಕಟ್ಟಡಗಳನ್ನು ರಟ್ಟಿನಲ್ಲಿ ಮಾಡಿಯೇ ಇಟ್ಟಿದ್ದಾರೆ. ಇನ್ನು ಪ್ರೇಮಕಥೆ: ಬೆಂಗಳೂರು, ಮೈಸೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಮಿಲ್ಸ್ ಅಂಡ್ ಬೂನ್ ಪುಸ್ತಕಗಳು ಬ್ರಿಟನ್ನಿನವೆಂದೇ ನಂಬಿಕೆ, ಆದರೆ ಆ ಸಂಸ್ಥೆಯನ್ನು 1971ರಲ್ಲಿ ಕೊಂಡದ್ದು 1949ರಲ್ಲಿ ವಿನಿಪೆಗ್‌ನಲ್ಲಿ ಶುರುವಾದ ಹಾರ್ಲೆಕ್ವಿನ್.

ಪುಸ್ತಕ ಹುಡುಕುವವರಿಗೆ ಮೂರು ಪಟ್ಟಿಗಳು ಉಪಯುಕ್ತ. ಗವರ್ನರ್ ಜನರಲ್ ಪ್ರಶಸ್ತಿಗಳು 1936ರಲ್ಲಿ ಸ್ಥಾಪನೆಯಾದವು. ಈಗ ಕಾದಂಬರಿ, ಕಾವ್ಯ, ನಾಟಕ, ಅನುವಾದ ಸೇರಿ ಏಳು ವಿಭಾಗಗಳಲ್ಲಿ ಎರಡೂ ಭಾಷೆಗಳಿಗೆ ಸಲ್ಲುತ್ತವೆ. ಇಂಗ್ಲಿಷ್ ಕಥನ ಸಾಹಿತ್ಯದ ಗಿಲ್ಲರ್ ಪ್ರಶಸ್ತಿ 1994ರಲ್ಲಿ ಆರಂಭವಾಗಿ, ಮೊದಲ ವರ್ಷ ಎಂ.ಜಿ. ವಾಸಂಜಿ ಅವರ ‘ದ ಬುಕ್ ಆಫ್ ಸೀಕ್ರೆಟ್ಸ್’ಗೆ ಹೋಯಿತು. ಮೂರನೆಯದು 2002ರಿಂದ ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ ಬಾನುಲಿಯಲ್ಲಿ ನಡೆಸುವ ‘ಕೆನಡಾ ರೀಡ್ಸ್’. ಐವರು ಒಂದೊಂದು ಪುಸ್ತಕದ ಪರ ವಾದಿಸುತ್ತಾರೆ, ದಿನಕ್ಕೊಂದು ಪುಸ್ತಕ ಸ್ಪರ್ಧೆಯಿಂದ ಹೊರಬೀಳುತ್ತದೆ. ಪ್ರಕಾರಗಳ ಗೋಡೆಯನ್ನು ಇದು ಲೆಕ್ಕಿಸುವುದಿಲ್ಲ: 2023ರಲ್ಲಿ ಗೆದ್ದದ್ದು ಆಲ್ಬರ್ಟಾದ ತೈಲ ಗಣಿಗಳಲ್ಲಿ ದುಡಿದ ಅನುಭವವನ್ನು ಕೇಟ್ ಬೀಟನ್ ಚಿತ್ರಗಳಲ್ಲಿ ಹೇಳಿದ ‘ಡಕ್ಸ್’.